ಓದುಗರ ಪ್ರಶ್ನೆಗಳು: ಅಮೆರಿಕದ ಮತ, ಬಣ್ಣ ಮತ್ತು ಕಾನೂನು

ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅಮೆರಿಕಕ್ಕೇ ಬಿಟ್ಟುಕೊಡಬೇಕಾಯಿತು. ಅಲ್ಲಿನ ಸರ್ಕಾರ, ಚುನಾವಣೆ ಮತ್ತು ಕಪ್ಪು ವರ್ಣೀಯರ ನ್ಯಾಯದ ಹೋರಾಟ ಕುರಿತು ಬಂದ ಪತ್ರಗಳು ಅಷ್ಟಿದ್ದವು. ಬರೆದವರಲ್ಲಿ ಅನೇಕರು ಮಕ್ಕಳನ್ನೋ ಮೊಮ್ಮಕ್ಕಳನ್ನೋ ಅಲ್ಲಿಗೆ ಕಳುಹಿಸಿದವರು. ಇಸವಿಗಳು, ಅಂಕಿಸಂಖ್ಯೆಗಳು ದಾಖಲೆಯಲ್ಲಿರುವಂಥವು. ಅಭಿಪ್ರಾಯಗಳು ನನ್ನವು; ಒಪ್ಪದವರು ಧಾರಾಳವಾಗಿ ಬರೆಯಬಹುದು.

ಪ್ರಶ್ನೆ: ಕಪ್ಪು ವರ್ಣೀಯರೊಬ್ಬರು ಎರಡು ಅವಧಿಗೆ ಅಧ್ಯಕ್ಷರಾದ ದೇಶದಲ್ಲಿ ವರ್ಣಭೇದ ಇನ್ನೂ ಉಳಿದಿದೆ ಎನ್ನುವುದು ಉತ್ಪ್ರೇಕ್ಷೆಯಲ್ಲವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ದಲಿತರಾದ ಕೆ.ಆರ್. ನಾರಾಯಣನ್ ಅವರು 1997ರಲ್ಲಿ ನಮ್ಮ ರಾಷ್ಟ್ರಪತಿಯಾದರು. ಅದರಿಂದ ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ಪ್ರತ್ಯೇಕ ಲೋಟ ಇಡುವ ಪದ್ಧತಿ ನಿಂತುಹೋಯಿತೇ ಎಂದು ನೀವೇ ನಿಮ್ಮ ವಿದ್ಯಾರ್ಥಿಗಳನ್ನು ಕೇಳಿರಬಹುದು. ಬರಾಕ್ ಒಬಾಮ ಅವರು 2008 ಮತ್ತು 2012ರಲ್ಲಿ ಗೆದ್ದದ್ದು ಸಣ್ಣ ಸಂಗತಿಯಲ್ಲ, ಆದರೆ ಅಮೆರಿಕದಲ್ಲಿ ಸಾಮಾನ್ಯ ಮನುಷ್ಯನ ಬದುಕನ್ನು ದಿನನಿತ್ಯ ಆಳುವವರು ಅಧ್ಯಕ್ಷರಲ್ಲ. ಊರಿನ ಪೊಲೀಸರು, ಊರಿನ ನ್ಯಾಯಾಲಯ, ಊರಿನ ಶಾಲಾ ಮಂಡಳಿ. ಅಲ್ಲಿನ ಅನ್ಯಾಯವನ್ನು ಜನರ ಮನಸ್ಸಿನೊಳಗಷ್ಟೇ ಹುಡುಕಿದರೆ ಸಿಗುವುದು ಸ್ವಲ್ಪ, ಈ ಸಣ್ಣ ಕಚೇರಿಗಳ ಕಡತ ತೆರೆದರೆ ಸಿಗುವುದು ಬಹಳ ಎನ್ನುವುದು ನನ್ನ ತಿಳಿವಳಿಕೆ.

ಒಂದು ಕಡತವನ್ನು ತೆರೆದೇ ನೋಡೋಣ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಪಕ್ಕದಲ್ಲಿರುವ ಫರ್ಗುಸನ್ ಎಂಬ ಪುಟ್ಟ ಊರಿನಲ್ಲಿ 2014ರ ಆಗಸ್ಟ್‌ನಲ್ಲಿ ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗ ಪೊಲೀಸರ ಗುಂಡಿಗೆ ಬಲಿಯಾದ. ಆಗ ಅಧ್ಯಕ್ಷರಾಗಿದ್ದವರು ಒಬಾಮ ಅವರೇ. ಅವರ ನ್ಯಾಯಾಂಗ ಇಲಾಖೆ 2015ರ ಮಾರ್ಚ್‌ನಲ್ಲಿ ಎರಡು ವರದಿಗಳನ್ನು ಹೊರತಂದಿತು. ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯವಿಲ್ಲ ಎಂದು ಮೊದಲನೆಯದು ಹೇಳಿತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಎರಡನೆಯದು ಆ ಊರಿನ ಆಡಳಿತವನ್ನೇ ಕುರಿತದ್ದು. ಜನಸಂಖ್ಯೆಯಲ್ಲಿ ಶೇ 67ರಷ್ಟಿದ್ದ ಕಪ್ಪು ವರ್ಣೀಯರು, ಪೊಲೀಸರು ತಡೆದ ವಾಹನ ಸವಾರರಲ್ಲಿ ಶೇ 85, ದಂಡದ ಚೀಟಿ ಪಡೆದವರಲ್ಲಿ ಶೇ 90, ಬಂಧಿತರಾದವರಲ್ಲಿ ಶೇ 93ರಷ್ಟಿದ್ದರು. ಊರಿನ ಬೊಕ್ಕಸಕ್ಕೆ ದಂಡದ ಹಣ ಒಂದು ದೊಡ್ಡ ಆಸರೆಯಾಗಿತ್ತು. ಚೀಟಿ ಬರೆಯುವುದನ್ನು ಹೆಚ್ಚಿಸದಿದ್ದರೆ ಮುಂದಿನ ವರ್ಷದ ವಸೂಲಿ ಏರುವುದು ಕಷ್ಟ ಎಂದು ಊರಿನ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥರಿಗೆ ಬರೆದದ್ದೂ ಅದರಲ್ಲಿದೆ.

ಆ ವರದಿಯಲ್ಲಿ ಹೆಸರಿಲ್ಲದ ಹೆಂಗಸೊಬ್ಬಳ ಪ್ರಕರಣ ಬರುತ್ತದೆ. ಆಕೆ 2007ರಲ್ಲಿ ಒಮ್ಮೆ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ಎರಡು ಚೀಟಿ, 151 ಡಾಲರ್ ದಂಡ, ಮೇಲೆ ಶುಲ್ಕ. ಆಗಾಗ ಮನೆಯೂ ಇಲ್ಲದಂತಿದ್ದ ಆಕೆ ನ್ಯಾಯಾಲಯದ ದಿನಾಂಕಗಳನ್ನು ತಪ್ಪಿಸಿದಾಗ ಹೊಸ ಆರೋಪ, ಹೊಸ ವಾರಂಟ್, ಹೊಸ ದಂಡ ಸೇರುತ್ತಾ ಹೋದವು. 25 ಡಾಲರ್, 50 ಡಾಲರ್ ಎಂದು ಕಂತಿನಲ್ಲಿ ಕಟ್ಟಲು ಬಂದಾಗ, ಪೂರ್ತಿ ಮೊತ್ತವಲ್ಲ ಎಂದು ಹಣವನ್ನು ಹಿಂತಿರುಗಿಸಲಾಯಿತು. ಎರಡು ಬಾರಿ ಬಂಧನವಾಯಿತು, ಆರು ದಿನ ಸೆರೆವಾಸವಾಯಿತು. ಒಟ್ಟು 550 ಡಾಲರ್ ಕಟ್ಟಿದ ಮೇಲೂ 2014ರ ಡಿಸೆಂಬರಿನಲ್ಲಿ ಆಕೆಯ ಹೆಸರಿನಲ್ಲಿ 541 ಡಾಲರ್ ಬಾಕಿ ಇತ್ತು. ಇಷ್ಟೆಲ್ಲ ನಡೆಯಲು ಯಾರೂ ಆಕೆಯ ಬಣ್ಣವನ್ನು ಹಿಡಿದು ಬೈಯಬೇಕಾಗಿರಲಿಲ್ಲ. ಅಂಥ ಮಾತುಗಳಿದ್ದ ಇಮೇಲ್‌ಗಳೂ ಅಧಿಕಾರಿಗಳ ನಡುವೆ ಓಡಾಡಿದ್ದವು ಎನ್ನುವುದು ಬೇರೆ ಮಾತು.

ಪ್ರಶ್ನೆ: ಕೇಂದ್ರ ಸರ್ಕಾರ ಒಂದು ಖಡಕ್ ಆದೇಶ ಹೊರಡಿಸಿ ಪೊಲೀಸರನ್ನು ಸರಿದಾರಿಗೆ ತರಲಾಗದೇ? ಇಲಾಖೆಯಲ್ಲಿ ದುಡಿದ ನನಗೆ ಇದು ಅರ್ಥವಾಗುತ್ತಿಲ್ಲ.
— ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಬಳ್ಳಾರಿ

ಆದೇಶ ಹೊರಡಿಸಿದರೂ ಅದನ್ನು ಪಾಲಿಸಬೇಕಾದ ಒಂದೇ ಇಲಾಖೆ ಅಲ್ಲಿಲ್ಲ. ನಮ್ಮಲ್ಲಿ ರಾಜ್ಯಕ್ಕೊಂದು ಪೊಲೀಸ್ ಪಡೆ, ಅದರ ಮೇಲ್ಪಂಕ್ತಿಯಲ್ಲಿ ಐಪಿಎಸ್ ಅಧಿಕಾರಿಗಳು ಇದ್ದಾರೆ. ಅಮೆರಿಕದಲ್ಲಿ ಊರು, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ರಾಜ್ಯ, ವಿಶ್ವವಿದ್ಯಾಲಯ ಎಂದು ಲೆಕ್ಕ ಹಾಕುತ್ತಾ ಹೋದರೆ ಸುಮಾರು 18,000 ಪ್ರತ್ಯೇಕ ಪೊಲೀಸ್ ಸಂಸ್ಥೆಗಳಾಗುತ್ತವೆ. ನೇಮಕಾತಿ, ತರಬೇತಿ, ಶಿಸ್ತುಕ್ರಮ ಎಲ್ಲವೂ ಒಂದೊಂದು ಕಡೆ ಒಂದೊಂದು ಬಗೆ. ಬಹುತೇಕ ಕೌಂಟಿಗಳಲ್ಲಿ ಷೆರಿಫ್ ಎಂಬ ಪೊಲೀಸ್ ಮುಖ್ಯಸ್ಥರು ಜನರ ಮತದಿಂದ ಆಯ್ಕೆಯಾಗಿ ಬರುತ್ತಾರೆ. ಅವರನ್ನು ವರ್ಗಾವಣೆ ಮಾಡಿಸುವ ಬೆದರಿಕೆಯನ್ನು ಅಧ್ಯಕ್ಷರೂ ಹಾಕಲಾರರು.

ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಅಧಿಕಾರಿಯೊಬ್ಬರು ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲೂರಿದ್ದು ನಿಮಗೆ ನೆನಪಿರುತ್ತದೆ. ಫ್ಲಾಯ್ಡ್ ಅಂಗಡಿಯಲ್ಲಿ ಕೊಟ್ಟ 20 ಡಾಲರ್ ನೋಟು ಖೋಟಾ ಎಂಬ ದೂರಿನಿಂದ ಅದು ಆರಂಭವಾಯಿತು. ಪೊಲೀಸರ ಮೊದಲ ಪತ್ರಿಕಾ ಹೇಳಿಕೆಯಲ್ಲಿ ಮೊಣಕಾಲಿನ ಪ್ರಸ್ತಾಪವೇ ಇರಲಿಲ್ಲ. ಪೊಲೀಸರೊಡನೆ ವ್ಯವಹರಿಸುವಾಗ ಆರೋಗ್ಯ ಕೆಟ್ಟು ಒಬ್ಬಾತ ಸತ್ತ ಎಂದಷ್ಟೇ ಇತ್ತು. ದಾರಿಯಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸದೇ ಇದ್ದಿದ್ದರೆ ಕಡತ ಅಲ್ಲಿಗೇ ಮುಚ್ಚಿರುತ್ತಿತ್ತು ಎಂದು ಊಹಿಸಲು ವಿಶೇಷ ಜಾಣ್ಮೆ ಬೇಕಿಲ್ಲ. ಡೆರೆಕ್ ಶೋವಿನ್ ಎಂಬ ಆ ಅಧಿಕಾರಿ 2021ರಲ್ಲಿ ಕೊಲೆಯ ಅಪರಾಧಿಯೆಂದು ತೀರ್ಮಾನವಾಗಿ ಇಪ್ಪತ್ತೆರಡೂವರೆ ವರ್ಷಗಳ ಶಿಕ್ಷೆಗೆ ಗುರಿಯಾದರು.

ಆದರೆ ಅದೇ ವರ್ಷ ಫ್ಲಾಯ್ಡ್ ಅವರ ಹೆಸರಿನಲ್ಲೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ ಅಂಗೀಕರಿಸಿದ ಪೊಲೀಸ್ ಸುಧಾರಣಾ ಮಸೂದೆ, ಮೇಲ್ಮನೆಯಾದ ಸೆನೆಟ್‌ನಲ್ಲಿ ದಡ ಸೇರಲಿಲ್ಲ. ಬಹುಪಾಲು ಮಸೂದೆಗಳ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಬೇಕಾದರೆ ಅಲ್ಲಿ 100ರಲ್ಲಿ 60 ಮತ ಬೇಕು. ಅಧಿಕಾರಿಗಳ ವಿರುದ್ಧ ಪರಿಹಾರದ ದಾವೆ ಹೂಡುವವರಿಗೆ ಅಡ್ಡವಾಗಿರುವ ರಕ್ಷಣೆಯೂ ಹಾಗೆಯೇ ಉಳಿಯಿತು. ಹಕ್ಕಿನ ಉಲ್ಲಂಘನೆಯಾಗಿದ್ದರೂ, ದಾವೆ ನಿಲ್ಲಬೇಕಾದರೆ ಅಂಥದ್ದೇ ನಡವಳಿಕೆ ಕಾನೂನುಬಾಹಿರವೆಂದು ಹಿಂದೆಯೇ ಸ್ಪಷ್ಟವಾಗಿ ತೀರ್ಮಾನವಾಗಿರಬೇಕು ಎನ್ನುವುದು ಅದರ ತಿರುಳು. ನಮ್ಮಲ್ಲಿ ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಪೂರ್ವಾನುಮತಿ ಕೇಳುವ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಕಡಿಮೆ ಮತ ಪಡೆದವರೂ ಅಲ್ಲಿ ಅಧ್ಯಕ್ಷರಾಗುವುದು ಹೇಗೆ? ಇದನ್ನು ಅವರು ತಿದ್ದಿಕೊಳ್ಳುವುದಿಲ್ಲವೇಕೆ?
— ಪದವಿ ವಿದ್ಯಾರ್ಥಿನಿ, ಮೈಸೂರು

ಅಧ್ಯಕ್ಷರನ್ನು ಆರಿಸುವುದು, ಜನ ತಮ್ಮ ಮತದಿಂದ ಆರಿಸುವ 538 ಎಲೆಕ್ಟರ್‌ಗಳು. ಗೆಲ್ಲಲು 270 ಬೇಕು. ಕೆಳಮನೆಯಲ್ಲಿ ರಾಜ್ಯಕ್ಕಿರುವ ಸ್ಥಾನಗಳಿಗೆ ಸೆನೆಟ್‌ನ ಎರಡು ಸ್ಥಾನಗಳನ್ನು ಕೂಡಿಸಿದರೆ ಆ ರಾಜ್ಯದ ಎಲೆಕ್ಟರ್‌ಗಳ ಸಂಖ್ಯೆ ಬರುತ್ತದೆ. ಹೀಗಾಗಿ ಆರು ಲಕ್ಷವೂ ತುಂಬದ ವಯೋಮಿಂಗ್‌ಗೆ 3, ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಕ್ಕೆ 54. ಭಾಗಿಸಿ ನೋಡಿದರೆ ವಯೋಮಿಂಗ್‌ನವರ ಮತಕ್ಕೆ ಮೂರು ಪಟ್ಟಿಗಿಂತ ಹೆಚ್ಚು ತೂಕ. ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ, ಒಂದೇ ಮತದಿಂದ ಗೆದ್ದರೂ ಆ ರಾಜ್ಯದ ಎಲೆಕ್ಟರ್‌ಗಳೆಲ್ಲ ಗೆದ್ದವರ ಪಾಲು. 2000ದಲ್ಲಿ ಫ್ಲಾರಿಡಾದ 537 ಮತಗಳ ಅಂತರ ಜಾರ್ಜ್ ಬುಷ್ ಅವರನ್ನು ಅಧ್ಯಕ್ಷರನ್ನಾಗಿಸಿತು. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದೂ ಸೋತರು.

ನಿಮ್ಮ ಪಠ್ಯದಲ್ಲಿ ಇದನ್ನು ಸಣ್ಣ ರಾಜ್ಯಗಳ ರಕ್ಷಣೆ ಎಂದು ಬರೆದಿರುತ್ತಾರೆ. ಅದು ಅರ್ಧ ಕಥೆ. 1787ರ ಸಂವಿಧಾನ ಸಭೆಯಲ್ಲಿ ಜೇಮ್ಸ್ ಮ್ಯಾಡಿಸನ್ ಅವರೇ, ನೇರ ಚುನಾವಣೆಯಾದರೆ ಗುಲಾಮರಿಗೆ ಮತವಿಲ್ಲದ ಕಾರಣ ದಕ್ಷಿಣದ ರಾಜ್ಯಗಳ ಪ್ರಭಾವ ಕುಗ್ಗುತ್ತದೆ ಎಂಬ ಮಾತನ್ನು ಎತ್ತಿದ್ದರು. ಕೆಳಮನೆಯ ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಒಪ್ಪಂದ ಆಗಿತ್ತು. ಆ ಲೆಕ್ಕ ಎಲೆಕ್ಟರ್‌ಗಳ ಸಂಖ್ಯೆಯೊಳಗೂ ಬಂದು ಕುಳಿತಿತು. ಮತವಿಲ್ಲದ ಜನರ ಹೆಸರಿನಲ್ಲಿ ಯಜಮಾನರಿಗೆ ಹೆಚ್ಚಿನ ಪಾಲು ಸಿಕ್ಕಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷ ಪದವಿಯಲ್ಲಿದ್ದವರು ವರ್ಜೀನಿಯ ರಾಜ್ಯದವರು, ಗುಲಾಮರನ್ನು ಇಟ್ಟುಕೊಂಡಿದ್ದವರು.

ತಿದ್ದುವ ಪ್ರಯತ್ನ ನಡೆಯಿತು. ನೇರ ಚುನಾವಣೆಯ ತಿದ್ದುಪಡಿಯನ್ನು 1969ರಲ್ಲಿ ಕೆಳಮನೆ 338–70 ಮತಗಳಿಂದ ಒಪ್ಪಿತು. ಮರುವರ್ಷ ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಮುಂದೆ ನಿಂತು ಅದನ್ನು ಮತಕ್ಕೇ ಬಾರದಂತೆ ತಡೆದರು. ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕಾದ್ದರಿಂದ, ಇದರಿಂದ ಲಾಭ ಪಡೆಯುವವರು ಒಪ್ಪದ ಹೊರತು ಬದಲಾವಣೆ ಕಷ್ಟ.

ಪ್ರಶ್ನೆ: ಮತ ಹಾಕಲು ಗುರುತಿನ ಚೀಟಿ ಕೇಳಿದರೆ ಅಲ್ಲಿ ವರ್ಣಭೇದ ಎನ್ನುತ್ತಾರೆ. ನಮ್ಮಲ್ಲಿ ಎಲ್ಲರೂ ತೋರಿಸುವುದಿಲ್ಲವೇ?
— ವಕೀಲರು, ಹುಬ್ಬಳ್ಳಿ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಚೀಟಿಯನ್ನು ಯಾರು ಕೊಡುತ್ತಾರೆ, ಯಾವ ಚೀಟಿಯನ್ನು ಒಪ್ಪುತ್ತಾರೆ ಎಂಬುದರಲ್ಲಿ. ನಮ್ಮಲ್ಲಿ ಪಟ್ಟಿ ಸಿದ್ಧಪಡಿಸುವುದು ಚುನಾವಣಾ ಆಯೋಗದ ಹೊಣೆ, ಅದಕ್ಕಾಗಿ ಮನೆಬಾಗಿಲಿಗೆ ಬೂತ್ ಮಟ್ಟದ ಅಧಿಕಾರಿ ಬರುತ್ತಾರೆ, ಚೀಟಿ ಇಲ್ಲದಿದ್ದರೆ ತೋರಿಸಬಹುದಾದ ಬದಲಿ ದಾಖಲೆಗಳ ಪಟ್ಟಿಯೂ ಇದೆ. ಅಮೆರಿಕದಲ್ಲಿ ಚುನಾವಣೆ ನಡೆಸುವುದು ರಾಜ್ಯಗಳು ಮತ್ತು ಮೂರು ಸಾವಿರಕ್ಕೂ ಹೆಚ್ಚಿರುವ ಕೌಂಟಿಗಳು. ಹೆಸರು ಸೇರಿಸಿಕೊಳ್ಳುವ ಹೊಣೆ ಬಹುಮಟ್ಟಿಗೆ ನಾಗರಿಕನದೇ. ಟೆಕ್ಸಾಸ್ 2011ರಲ್ಲಿ ಮಾಡಿದ ಕಾನೂನು, ಬಂದೂಕನ್ನು ಮರೆಯಲ್ಲಿಟ್ಟುಕೊಂಡು ಓಡಾಡಲು ಕೊಡುವ ಪರವಾನಗಿಯನ್ನು ಗುರುತಿನ ಪುರಾವೆಯಾಗಿ ಒಪ್ಪಿತು, ರಾಜ್ಯದ ವಿಶ್ವವಿದ್ಯಾಲಯವೇ ಕೊಟ್ಟ ವಿದ್ಯಾರ್ಥಿ ಚೀಟಿಯನ್ನು ಒಪ್ಪಲಿಲ್ಲ. ಇದನ್ನು ಓದಿದ ಮೇಲೆ ಉದ್ದೇಶ ಶುದ್ಧವಾಗಿತ್ತು ಎಂದು ವಾದಿಸಲು ನಿಮ್ಮಂಥ ವಕೀಲರೇ ಬೇಕು.

ಇದರ ಹಿನ್ನೆಲೆ ಹಳೆಯದು. 1870ರ ಹದಿನೈದನೇ ತಿದ್ದುಪಡಿ, ಬಣ್ಣದ ಕಾರಣಕ್ಕೆ ಯಾರ ಮತವನ್ನೂ ನಿರಾಕರಿಸಬಾರದು ಎಂದಿತು. ಗುಲಾಮಗಿರಿಯ ಅಂತರ್ಯುದ್ಧದ ನಂತರ ದಕ್ಷಿಣದಲ್ಲಿದ್ದ ಕೇಂದ್ರದ ಸೈನ್ಯ 1877ರಲ್ಲಿ ಹಿಂದೆ ಸರಿದ ಮೇಲೆ ಅಲ್ಲಿನ ರಾಜ್ಯಗಳು ಒಂದೊಂದಾಗಿ ಬಣ್ಣದ ಹೆಸರೆತ್ತದೆಯೇ ಬಾಗಿಲು ಮುಚ್ಚಿದವು. ತಲೆಗಂದಾಯ ಕಟ್ಟಿದ ರಸೀತಿ ಇರಬೇಕು. ಅಕ್ಷರ ಪರೀಕ್ಷೆ ಪಾಸಾಗಬೇಕು. ರಾಜ್ಯ ಸಂವಿಧಾನದ ಯಾವುದೋ ಒಂದು ವಿಧಿಯನ್ನು ಗುಮಾಸ್ತರಿಗೆ ತೃಪ್ತಿಯಾಗುವಂತೆ ವಿವರಿಸಬೇಕು. ಯಾವ ವಿಧಿ, ಎಷ್ಟು ತೃಪ್ತಿ ಎನ್ನುವುದೆಲ್ಲ ಆ ಗುಮಾಸ್ತರ ಮರ್ಜಿ. ನಮ್ಮ ದೇಶ 1951–52ರಲ್ಲಿ ಅಕ್ಷರ ಬಾರದ ಕೋಟ್ಯಂತರ ಜನರ ಕೈಗೆ ಮತಪತ್ರ ಕೊಟ್ಟಿತ್ತು. ಅದಾಗಿ ಹನ್ನೆರಡು ವರ್ಷಗಳ ನಂತರವೂ ಮಿಸಿಸಿಪ್ಪಿಯಲ್ಲಿ ಮತದ ವಯಸ್ಸಿನ ಕಪ್ಪು ವರ್ಣೀಯರಲ್ಲಿ ಪಟ್ಟಿಯಲ್ಲಿದ್ದವರು ಶೇ 7ಕ್ಕಿಂತ ಕಡಿಮೆ.

ಅಲಬಾಮಾದ ಸೆಲ್ಮಾ ಊರಿನ ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ನಡೆದು ಹೊರಟವರನ್ನು ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಕೆಡವಿದರು. ಮುಂದೆ ಕಾಂಗ್ರೆಸ್ ಸದಸ್ಯರಾದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಆ ಕಾಯಿದೆಯ ಹಲ್ಲು ಇದ್ದದ್ದು ಒಂದು ಷರತ್ತಿನಲ್ಲಿ: ಭೇದಭಾವದ ಚರಿತ್ರೆಯುಳ್ಳ ರಾಜ್ಯಗಳು ಮತಗಟ್ಟೆಯನ್ನು ಸ್ಥಳಾಂತರಿಸಬೇಕಾದರೂ ಕೇಂದ್ರದ ಪೂರ್ವಾನುಮತಿ ಪಡೆಯಬೇಕು. 1967ರ ಹೊತ್ತಿಗೆ ಮಿಸಿಸಿಪ್ಪಿಯ ಅಂಕಿ ಶೇ 60ರ ಹತ್ತಿರ ಬಂದಿತ್ತು. ಜನರ ಮನಸ್ಸು ಎರಡೇ ವರ್ಷದಲ್ಲಿ ಬದಲಾಗಿರಲಿಲ್ಲ, ಬದಲಾದದ್ದು ನಿಯಮ.

2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಯಾವ ರಾಜ್ಯಗಳಿಗೆ ಪೂರ್ವಾನುಮತಿ ಬೇಕೆಂದು ನಿರ್ಧರಿಸುವ ಸೂತ್ರ ಹಳತಾಯಿತೆಂದು ಅದನ್ನು ರದ್ದುಪಡಿಸಿತು. ಮಳೆಯಲ್ಲಿ ತಾನು ನೆನೆಯುತ್ತಿಲ್ಲವೆಂದು ಕೊಡೆಯನ್ನು ಎಸೆದಂತಾಯಿತು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಬರೆದರು. ಟೆಕ್ಸಾಸ್ ಅದೇ ದಿನ ತನ್ನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಸಾರಿತು. ಆ ವರ್ಷವೇ ನಾರ್ತ್ ಕ್ಯಾರೊಲಿನಾ ತಂದ ಕಾನೂನು ಕಪ್ಪು ಮತದಾರರನ್ನು ಶಸ್ತ್ರಚಿಕಿತ್ಸೆಯ ಕರಾರುವಾಕ್ಕಿನಿಂದ ಗುರಿಮಾಡಿದೆ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿ, ಅದನ್ನು ತಳ್ಳಿಹಾಕಿತು. ಚೀಟಿ ಕೇಳುವುದು ತನ್ನಷ್ಟಕ್ಕೆ ತಪ್ಪೆಂದು ನಾನೂ ಹೇಳಲಾರೆ. ಸರ್ಕಾರ ಪ್ರತಿಯೊಬ್ಬರಿಗೂ ಉಚಿತವಾಗಿ ಚೀಟಿ ತಲುಪಿಸಿದ ಮೇಲೆ ಕೇಳಲಿ.

ಪ್ರಶ್ನೆ: ನನ್ನ ಮಗ ಬಹಳ ವರ್ಷಗಳಿಂದ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾನೆ, ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಮೊಮ್ಮಗಳು ಅಲ್ಲೇ ಹುಟ್ಟಿದವಳು. ‘ಕಪ್ಪು ಜನರ ಜಗಳ ಅವರದು, ನಾವು ಓದಿನ ಬಲದಿಂದ ಬಂದವರು, ನಮಗೇಕೆ’ ಎನ್ನುತ್ತಾನೆ. ಅವನ ಮಾತು ಸರಿಯೇ?
— ತಾಯಿಯೊಬ್ಬರು, ದಾವಣಗೆರೆ

ಅಮ್ಮ, ನಿಮ್ಮ ಮಗ ಓದಿದ್ದು, ಕಷ್ಟಪಟ್ಟಿದ್ದು ನಿಜ. ಆದರೆ ಅಷ್ಟೇ ಓದಿದ್ದ, ಅಷ್ಟೇ ಕಷ್ಟಪಟ್ಟಿದ್ದ ಭಾರತೀಯರು ನೂರು ವರ್ಷಗಳ ಹಿಂದೆಯೂ ಅಮೆರಿಕಕ್ಕೆ ಹೋಗಿದ್ದರು. ಅವರಿಗೇನಾಯಿತು ಎನ್ನುವುದನ್ನು ನಿಮ್ಮ ಮಗ ಒಮ್ಮೆ ಓದಲಿ.

1790ರ ಕಾನೂನಿನ ಪ್ರಕಾರ ವಲಸಿಗರಲ್ಲಿ ಬಿಳಿಯರು ಮಾತ್ರ ಪೌರತ್ವ ಪಡೆಯಬಹುದಿತ್ತು. ಗುಲಾಮಗಿರಿ ಹೋದ ಮೇಲೆ 1870ರಲ್ಲಿ ಆಫ್ರಿಕಾ ಮೂಲದವರಿಗೂ ಅವಕಾಶವಾಯಿತು. ನಮ್ಮವರು ಎರಡರಲ್ಲೂ ಸೇರುತ್ತಿರಲಿಲ್ಲ. ಪಂಜಾಬಿನಿಂದ ಹೋಗಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬವರು, ತಾವು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರೇ ಎಂದು ವಾದಿಸಿದರು. ಜಾತಿಯ ಹೆಚ್ಚುಗಾರಿಕೆಯನ್ನು ಸಮುದ್ರದಾಚೆಗೂ ಹೊತ್ತೊಯ್ದು ನ್ಯಾಯಾಲಯದ ಮುಂದಿಟ್ಟ ಆ ವಾದ ಇಂದು ಓದಿದರೆ ಮುಜುಗರವಾಗುತ್ತದೆ. ಸುಪ್ರೀಂ ಕೋರ್ಟ್ 1923ರಲ್ಲಿ ಸರ್ವಾನುಮತದಿಂದ ಅದನ್ನು ತಿರಸ್ಕರಿಸಿತು: ಸಾಮಾನ್ಯ ಜನ ಯಾರನ್ನು ಬಿಳಿಯರೆಂದು ತಿಳಿದಿದ್ದಾರೋ ಅವರು ಮಾತ್ರ ಬಿಳಿಯರು. ಆ ಮೇಲೆ, ಅದಾಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಸರ್ಕಾರ ಅದನ್ನು ಕಿತ್ತುಕೊಳ್ಳತೊಡಗಿತು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಪೌರತ್ವವನ್ನೂ, ಅದರೊಡನೆ ಆಸ್ತಿ ಹೊಂದುವ ಹಕ್ಕನ್ನೂ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಾಗಲೂ ವರ್ಷಕ್ಕೆ ಒಳಗೆ ಬಿಟ್ಟದ್ದು ಸುಮಾರು 100 ಮಂದಿಯನ್ನು. ಇಡೀ ದೇಶಕ್ಕೆ ನೂರು.

ನಿಮ್ಮ ಮಗನಂಥವರಿಗೆ ದಾರಿ ಮಾಡಿಕೊಟ್ಟದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ವಲಸೆ ಕಾಯಿದೆ. ಸೆಲ್ಮಾ ಸೇತುವೆಯ ಮೇಲೆ ರಕ್ತ ಹರಿದ ವರ್ಷವದು. ಮತದಾನದ ಕಾಯಿದೆಯನ್ನು ಅಂಗೀಕರಿಸಿದ ಅದೇ ಕಾಂಗ್ರೆಸ್, ಅದೇ ಅಧ್ಯಕ್ಷರು, ಎರಡು ತಿಂಗಳೊಳಗೆ ಇದನ್ನೂ ಮಾಡಿದರು. ಚರ್ಮದ ಬಣ್ಣ ನೋಡಿ ನಾಗರಿಕರನ್ನು ವಿಂಗಡಿಸುವುದು ತಪ್ಪು ಎಂದು ಒಪ್ಪಿಕೊಂಡ ಮೇಲೆ, ಹುಟ್ಟಿದ ದೇಶ ನೋಡಿ ವಲಸಿಗರನ್ನು ವಿಂಗಡಿಸುವುದನ್ನು ಸಮರ್ಥಿಸಿಕೊಳ್ಳಲು ಅವರಿಗೆ ಮಾತು ಉಳಿದಿರಲಿಲ್ಲ. ಡಾಕ್ಟರುಗಳು, ಇಂಜಿನಿಯರುಗಳು ಓದಿನ ಬಲದಿಂದ ಹೋಗಿದ್ದು ಆ ಮೇಲೆ. ಆ ಬಾಗಿಲು ತೆರೆಯಲು ಲಾಠಿ ಏಟು ತಿಂದವರಲ್ಲಿ ನಮ್ಮವರು ಹೆಚ್ಚು ಮಂದಿ ಇರಲಿಲ್ಲ ಎನ್ನುವುದನ್ನು ನಾವು ನೆನಪಿಡಬೇಕು. ಕಚೇರಿಯಲ್ಲಿ ಮೂಲ ದೇಶದ ಕಾರಣಕ್ಕೆ ನಿಮ್ಮ ಮಗನಿಗೆ ಬಡ್ತಿ ತಪ್ಪಿಸಿದರೆ ಅವರು ದೂರು ಕೊಡುವುದೂ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆಧಾರದಿಂದಲೇ.

ಇನ್ನು ಮೊಮ್ಮಗಳ ವಿಷಯ. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ, ಕಪ್ಪು ವರ್ಣೀಯರು ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧದ ನಂತರ, 1868ರ ಹದಿನಾಲ್ಕನೇ ತಿದ್ದುಪಡಿ ಅದನ್ನು ಅಳಿಸಿಹಾಕಿ, ಆ ನೆಲದಲ್ಲಿ ಹುಟ್ಟಿ ಅಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ಪ್ರಜೆಗಳೇ ಎಂದು ಬರೆಯಿತು. ಬಿಡುಗಡೆಯಾದ ಗುಲಾಮರಿಗಾಗಿ ಬರೆದ ಆ ಒಂದು ವಾಕ್ಯವೇ 1898ರಲ್ಲಿ ಅಮೆರಿಕದಲ್ಲೇ ಹುಟ್ಟಿದ ಚೀನೀ ದಂಪತಿಯ ಮಗ ವಾಂಗ್ ಕಿಮ್ ಆರ್ಕ್ ಅವರ ಪೌರತ್ವವನ್ನು ಕಾಪಾಡಿತು, ಅದರ ಮೇಲೆಯೇ ನಿಮ್ಮ ಮೊಮ್ಮಗಳ ಪಾಸ್‌ಪೋರ್ಟ್ ಕೂಡ ನಿಂತಿದೆ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದ ಆದೇಶ, ಮುಂದೆ ಹುಟ್ಟುವ ಮಕ್ಕಳ ತಂದೆ ಪ್ರಜೆಯೂ ಗ್ರೀನ್ ಕಾರ್ಡ್‌ದಾರನೂ ಆಗಿರದೆ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದರೆ ಅವರಿಗೆ ಪೌರತ್ವವಿಲ್ಲ ಎಂದಿತು. ಎಚ್–1ಬಿ ವೀಸಾದಲ್ಲಿರುವ ಕುಟುಂಬಗಳು ನೇರವಾಗಿ ಅದರ ವ್ಯಾಪ್ತಿಗೆ ಬರುತ್ತವೆ. ಹಲವು ಕೆಳ ನ್ಯಾಯಾಲಯಗಳು ಅದನ್ನು ತಡೆಹಿಡಿದು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ವಾದಿಸುವಾಗ ವಕೀಲರು ಉಲ್ಲೇಖಿಸಬೇಕಾದದ್ದು ಕಪ್ಪು ಜನರ ಚರಿತ್ರೆಯನ್ನೇ. ಇದನ್ನೆಲ್ಲ ಮಗನಿಗೆ ನಿಷ್ಠುರವಾಗಿ ಹೇಳಬೇಡಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿಗೆ, ಎಲ್ಲಿಯೂ ಬಾಯಿ ತೆರೆಯದೆ ಇರುವುದೇ ಕ್ಷೇಮ ಎನಿಸುವುದು ಸಹಜ.

ಪ್ರಶ್ನೆ: ಹಾರ್ವರ್ಡ್ ತೀರ್ಪಿನಿಂದ ಅಲ್ಲಿ ಮೀಸಲಾತಿ ಹೋಯಿತು, ಭಾರತೀಯ ಮಕ್ಕಳಿಗೆ ನ್ಯಾಯ ಸಿಕ್ಕಿತು ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?
— ಕಾಲೇಜು ಉಪನ್ಯಾಸಕರು, ಕಲಬುರಗಿ

ಹೋಗಲು ಅಲ್ಲಿ ನಮ್ಮಂಥ ಮೀಸಲಾತಿ ಇರಲೇ ಇಲ್ಲ. ಇಷ್ಟು ಸೀಟು ಇಂಥವರಿಗೆ ಎಂದು ತೆಗೆದಿಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ ತಡೆದಿತ್ತು. ಉಳಿದಿದ್ದದ್ದು, ಅರ್ಜಿ ತೂಗುವಾಗ ಬಣ್ಣವನ್ನೂ ಒಂದು ಅಂಶವಾಗಿ ಪರಿಗಣಿಸುವ ಅವಕಾಶ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಕುರಿತ 2023ರ ಜೂನ್ 29ರ ತೀರ್ಪು ಅದನ್ನು ತೆಗೆಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ ಎದ್ದ ಪ್ರಶ್ನೆ ಸರ್ಕಾರದ ಹುದ್ದೆಗಳಲ್ಲಿ ಯಾರಿಗೆ ಎಷ್ಟು ಪಾಲು ಎಂಬುದಾಗಿತ್ತು. ಅಮೆರಿಕದ ನ್ಯಾಯಾಲಯ ಪಾಲಿನ ವಾದವನ್ನು ಎಂದೂ ಪೂರ್ತಿ ಒಪ್ಪದೆ, ತರಗತಿಯಲ್ಲಿ ವೈವಿಧ್ಯ ಇದ್ದರೆ ಎಲ್ಲರ ಕಲಿಕೆಗೂ ಒಳ್ಳೆಯದು ಎಂಬ ತೆಳುವಾದ ಸಮರ್ಥನೆಗೆ ಜೋತುಬಿತ್ತು. ಕೊನೆಗೆ ಅದು ಭಾರ ತಾಳಲಿಲ್ಲ.

ಏಷ್ಯಾ ಮೂಲದ ಅರ್ಜಿದಾರರಿಗೆ ವ್ಯಕ್ತಿತ್ವದ ಅಂಕವನ್ನು ಹಾರ್ವರ್ಡ್ ಕಡಿಮೆ ಕೊಡುತ್ತಿತ್ತು ಎಂಬ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಮೊಕದ್ದಮೆಯ ದಾಖಲೆಗಳಿಂದ ಹೊರಬಿದ್ದ ಇನ್ನೊಂದು ಸಂಗತಿ ನಮ್ಮ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ: ಪ್ರವೇಶ ಪಡೆದ ಬಿಳಿಯರಲ್ಲಿ ಶೇ 43ಕ್ಕಿಂತ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕರ ಮಕ್ಕಳು ಅಥವಾ ದಾನಿಗಳಂಥವರಿಗೆ ಬೇಕಾದವರು. ಆ ತೀರ್ಪು ಅದನ್ನು ಮುಟ್ಟಲಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ ಆಸ್ತಿಯ ಏರಿಕೆಯ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ಬಿಳಿ ಕುಟುಂಬದ, ಸಾಲ ಕಳೆದ ಆಸ್ತಿ 2,85,000 ಡಾಲರ್, ಹಾಗೆಯೇ ನಡುವೆ ನಿಲ್ಲುವ ಕಪ್ಪು ಕುಟುಂಬದ್ದು 44,900. 1930ರ ದಶಕದ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಳಿದು ಗೃಹಸಾಲ ನಿರಾಕರಿಸಿದ ಕಾಲದಿಂದ ಬೆಳೆದುಬಂದ ಅಂತರವದು, ಮತ್ತು ಶಾಲೆಗಳು ನಡೆಯುವುದು ಬಹುಪಾಲು ಆಯಾ ಊರಿನ ಆಸ್ತಿ ತೆರಿಗೆಯ ನೆರವಿನಿಂದ. ಪರೀಕ್ಷೆಯ ಅಂಕದಲ್ಲಿ ಇದೆಲ್ಲ ಸೇರಿಯೇ ಇರುತ್ತದೆ.

ಪ್ರಶ್ನೆ: ಜಾತಿ ತಾರತಮ್ಯದ ವಿರುದ್ಧ ಅಮೆರಿಕದಲ್ಲಿ ಕಾನೂನು ಬೇಕೇ?
— ಓದುಗರು, ಬೆಂಗಳೂರು

ಬೇಕು ಎನ್ನುವುದು ನನ್ನ ಅಭಿಪ್ರಾಯ. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಅಂಥ ಕಾನೂನು ಮಾಡಿತು. ಕ್ಯಾಲಿಫೋರ್ನಿಯದ ಶಾಸನಸಭೆ ಒಪ್ಪಿದ ಮಸೂದೆಯನ್ನು, ಈಗಿರುವ ಕಾನೂನೇ ಸಾಕು ಎಂದು ಅಲ್ಲಿನ ಗವರ್ನರ್ ಅಕ್ಟೋಬರಿನಲ್ಲಿ ಹಿಂತಿರುಗಿಸಿದರು. ಜಾತಿಯೇ ಅಲ್ಲಿಲ್ಲ ಎನ್ನುವವರು ಕಾನೂನಿಗೆ ಹೆದರುವುದೇಕೆ ಎಂಬುದಕ್ಕೆ ನನಗಿನ್ನೂ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಪ್ರಶ್ನೆ: ನಮ್ಮ ಊರಿನ ಶ್ರೀ ಥಾಣೇದಾರ್ ಅಮೆರಿಕದ ಕಾಂಗ್ರೆಸ್ ಸದಸ್ಯರು. ಹೆಮ್ಮೆಪಡಬಹುದಲ್ಲವೇ?
— ವ್ಯಾಪಾರಿ, ಬೆಳಗಾವಿ

ಪಡಿ. ಬೆಳಗಾವಿಯ ಬಡತನದಲ್ಲಿ ಬೆಳೆದು, ಡೆಟ್ರಾಯಿಟ್ ನಗರದ ಪ್ರತಿನಿಧಿಯಾಗುವುದು ಸುಲಭವಲ್ಲ. ಜೊತೆಗೆ ಇದನ್ನೂ ತಿಳಿದಿರಿ. 2022ರಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಗಿ, ಥಾಣೇದಾರ್ ಅವರು ಸುಮಾರು ಶೇ 28ರಷ್ಟು ಮತಗಳಿಂದ, ತಮ್ಮದೇ ಹಣವನ್ನು ಧಾರಾಳವಾಗಿ ಖರ್ಚುಮಾಡಿ ಗೆದ್ದರು. ಬಹುಸಂಖ್ಯಾತರು ಕಪ್ಪು ವರ್ಣೀಯರೇ ಆಗಿರುವ ಆ ನಗರಕ್ಕೆ 1950ರ ದಶಕದಿಂದೀಚೆಗೆ ಮೊದಲ ಬಾರಿ ಕಾಂಗ್ರೆಸ್‌ನಲ್ಲಿ ಕಪ್ಪು ಸದಸ್ಯರಿಲ್ಲದಂತಾಯಿತು. ನಿಯಮದ ಪ್ರಕಾರ ಗೆಲುವು ನ್ಯಾಯವಾದದ್ದೇ, ಡೆಟ್ರಾಯಿಟ್‌ನವರ ಬೇಸರವೂ ನ್ಯಾಯವಾದದ್ದೇ. ಅವರನ್ನು ಅಳೆಯಬೇಕಾದದ್ದು ಆ ನಗರದ ಬಾಡಿಗೆ ಮನೆ, ಆಸ್ಪತ್ರೆ, ಬಸ್ಸುಗಳಿಗೆ ಅವರೇನು ಮಾಡಿದರು ಎಂಬುದರಿಂದ. ಆ ಲೆಕ್ಕ ಹಾಕುವವರು ಅಲ್ಲಿನ ಮತದಾರರು.

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ಪೌರತ್ವ ಸಿಕ್ಕಿದೆ, ಜಾರ್ಜಿಯಾದಲ್ಲಿದ್ದಾಳೆ. ಅಧ್ಯಕ್ಷರ ಚುನಾವಣೆ ಬಂದಾಗ ಮತ ಹಾಕಿದರೆ ಸಾಕಲ್ಲವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಸಾಲದು. ಅಧ್ಯಕ್ಷರ ಚುನಾವಣೆಯಲ್ಲಿ ಆ ರಾಜ್ಯದ ಮತಕ್ಕೆ ಬೆಲೆಯಿದೆ ಎನ್ನುವುದು ನಿಜ. 2020ರಲ್ಲಿ ಜಾರ್ಜಿಯಾವನ್ನು ತೀರ್ಮಾನಿಸಿದ್ದು 11,779 ಮತಗಳ ಅಂತರ. ಆದರೆ ಮತಪತ್ರದ ಕೆಳಭಾಗದಲ್ಲಿ ಷೆರಿಫ್, ಶಾಲಾ ಮಂಡಳಿ, ಸರ್ಕಾರಿ ಅಭಿಯೋಜಕರ ಹೆಸರುಗಳಿರುತ್ತವೆ, ಎಷ್ಟೋ ಜನ ಅವನ್ನು ಖಾಲಿ ಬಿಟ್ಟು ಬರುತ್ತಾರೆ.

ಆ ರಾಜ್ಯದ್ದೇ ಒಂದು ಪ್ರಕರಣ ಹೇಳುತ್ತೇನೆ. 2020ರ ಫೆಬ್ರವರಿ 23ರಂದು ಗ್ಲಿನ್ ಕೌಂಟಿಯಲ್ಲಿ ಓಟದ ವ್ಯಾಯಾಮಕ್ಕೆ ಹೊರಟಿದ್ದ ಅಹ್ಮದ್ ಆರ್ಬೆರಿ ಎಂಬ 25ರ ಕಪ್ಪು ಯುವಕನನ್ನು, ಕಳ್ಳನೆಂದು ಶಂಕಿಸಿ ವಾಹನಗಳಲ್ಲಿ ಬೆನ್ನಟ್ಟಿದ ಬಿಳಿಯರು ಗುಂಡಿಟ್ಟು ಕೊಂದರು. ಆರೋಪಿಗಳಲ್ಲೊಬ್ಬರು ಹಿಂದೆ ಅಭಿಯೋಜಕರ ಕಚೇರಿಯಲ್ಲೇ ಕೆಲಸ ಮಾಡಿದ್ದವರು. ಘಟನೆಯ ವಿಡಿಯೊ ಮೇ ತಿಂಗಳಲ್ಲಿ ಹೊರಬಂದು ರಾಜ್ಯದ ತನಿಖಾ ದಳ ಪ್ರವೇಶಿಸುವವರೆಗೆ, ಎರಡು ತಿಂಗಳಿಗೂ ಹೆಚ್ಚು ಕಾಲ, ಒಬ್ಬರ ಬಂಧನವೂ ಆಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅಲ್ಲಿನ ಮತದಾರರು ಅಭಿಯೋಜಕರನ್ನು ಸೋಲಿಸಿದರು. ಮರುವರ್ಷ ಮೂವರೂ ಕೊಲೆಯ ಅಪರಾಧಿಗಳೆಂದು ತೀರ್ಮಾನವಾಯಿತು, ಮತ್ತು ಶಂಕೆ ಬಂದವರನ್ನು ಸಾರ್ವಜನಿಕರೇ ಹಿಡಿಯಬಹುದೆಂಬ, ಅಂತರ್ಯುದ್ಧದ ಕಾಲದ ಕಾನೂನನ್ನು ರಾಜ್ಯ ರದ್ದುಪಡಿಸಿತು. ನಿಮ್ಮ ಮಗಳು ಮೊದಲು ತನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಲಿ, ಕೌಂಟಿಯ ಚುನಾವಣಾ ಕಚೇರಿ ಪ್ರಕಟಿಸುವ ಮಾದರಿ ಮತಪತ್ರವನ್ನು ತರಿಸಿಕೊಂಡು ಕೆಳಗಿನ ಹೆಸರುಗಳಿಂದ ಮೇಲಕ್ಕೆ ಓದಲಿ.